ಮೈಯ ಭಾರವೂ ಮನದ ಆಸರೆಯೂ

ಲೋಕದಲ್ಲಿ ಕೆಲವು ವ್ಯಾಧಿಗಳಿಗೆ ಔಷಧವು ತಿಳಿಯದು. ಕೆಲವಕ್ಕೆ ಔಷಧವು ತಿಳಿದಿದ್ದರೂ ದೊರೆಯದು. ಇವೆರಡಕ್ಕೂ ಸೇರದ ಮೂರನೆಯ ಜಾತಿಯೊಂದುಂಟು. ಅದರ ಔಷಧವು ಬೀದಿಯಲ್ಲಿ ಹೋಗುವ ಹುಡುಗನಿಗೂ ಗೊತ್ತು. ಕಾಸು ಕೊಡದೆಯೇ ದೊರೆಯುವುದು. ಆದರೂ ರೋಗಿಯು ಅದನ್ನು ಸೇವಿಸಲಾರದೆ ತೊಳಲುವನು. ಸ್ಥೌಲ್ಯವು, ಎಂದರೆ ಮೈಯಲ್ಲಿ ಬೊಜ್ಜು ಮಿತಿಮೀರಿ ಸೇರುವ ವ್ಯಾಧಿಯು, ಈ ಮೂರನೆಯ ಜಾತಿಯದು. ಕಡಮೆ ಉಣ್ಣಬೇಕು, ಹೆಚ್ಚು ನಡೆಯಬೇಕು, ಉಪದೇಶವು ಇಷ್ಟೆ. ಇದನ್ನು ಅರಿಯದ ಸ್ಥೂಲಕಾಯರು ಇರಲಾರರು. ಹಾಗಿದ್ದರೂ ಈ ಎರಡು ಮಾತುಗಳನ್ನು ಆಚರಣೆಗೆ ತರಹೊರಟವರಲ್ಲಿ ಬಹುಮಂದಿ ಕೆಲವು ತಿಂಗಳು ಗೆದ್ದು, ಅನಂತರ ಸೋತು, ಕಳೆದ ಭಾರವನ್ನು ಬಡ್ಡಿಸಹಿತವಾಗಿ ಮರಳಿ ಪಡೆಯುವರು. ಇದಕ್ಕೆ ಕಾರಣವೇನೆಂದು ಕೇಳಿದರೆ, ನಾಲಗೆಯ ಚಾಪಲ್ಯವೆಂದೂ ಮೈಗಳ್ಳತನವೆಂದೂ ಜನರು ಥಟ್ಟನೆ ಉತ್ತರ ಕೊಡುವರು. ಉತ್ತರವು ಸುಲಭವಾಗಿದೆ, ಸರಿಯಾಗಿಲ್ಲ. ಸ್ಥೂಲರಿಗೆ ಕೊರತೆಯಾಗಿರುವುದು ತಿಳಿವಳಿಕೆಯಲ್ಲ. ತಿಳಿದುದನ್ನು ದಿನದಿನವೂ ನಡೆಯಿಸಲು ಬೇಕಾದ ಮನಸ್ಸಿನ ಆಸರೆ. ಆ ಆಸರೆಯನ್ನು ಕೊಡಬೇಕಾದವರೇ ಅನೇಕ ವೇಳೆ ಅದನ್ನು ಕಿತ್ತುಕೊಳ್ಳುವರೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇದು ಸಿರಿವಂತರ ಮನೆಯ ಕೊರಗು ಮಾತ್ರವೆಂದು ತಳ್ಳಿಬಿಡುವ ಕಾಲವು ಕಳೆದುಹೋಯಿತು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದ 15ರಿಂದ 49 ವಯಸ್ಸಿನವರಲ್ಲಿ ಸ್ತ್ರೀಯರು ನೂರಕ್ಕೆ 24 ಮಂದಿಯೂ, ಪುರುಷರು ಸುಮಾರು 23 ಮಂದಿಯೂ ಇರಬೇಕಾದುದಕ್ಕಿಂತ ಹೆಚ್ಚು ತೂಕದವರು. ಕರ್ಣಾಟಕದಲ್ಲಿ ಈ ಸಂಖ್ಯೆಯು ಸ್ತ್ರೀಪುರುಷರಿಬ್ಬರಲ್ಲಿಯೂ ನೂರಕ್ಕೆ 30ನ್ನು ಮುಟ್ಟಿದೆ. ಭಾರತೀಯರ ಶರೀರವು ಯುರೋಪಿನವರದಕ್ಕಿಂತ ಕಡಮೆ ತೂಕದಲ್ಲಿಯೇ ಮಧುಮೇಹಕ್ಕೆ ಎಡೆಗೊಡುವುದೆಂದು ವೈದ್ಯರು ಕಂಡುಕೊಂಡಿರುವರು. ಆದುದರಿಂದ ಇದು ಅಂದಚಂದದ ಮಾತಲ್ಲ. ಮಂಡಿ, ಹೃದಯ, ರಕ್ತ, ಆಯುಷ್ಯ ಇವುಗಳ ಮಾತು.

ಪ್ರಾಚೀನರು ಇದನ್ನು ಎಷ್ಟು ಸೂಕ್ಷ್ಮವಾಗಿ ನೋಡಿದ್ದರೆಂಬುದು ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಿಂದ ತಿಳಿಯುವುದು. ಆ ಅಧ್ಯಾಯದಲ್ಲಿ ಶರೀರದ ದೆಸೆಯಿಂದ ನಿಂದೆಗೆ ಗುರಿಯಾಗುವ ಎಂಟು ಬಗೆಯ ಜನರನ್ನು ಎಣಿಸಿದೆ. ಅತಿ ಎತ್ತರದವನು, ಅತಿ ಕುಳ್ಳನು, ಮೈತುಂಬ ರೋಮವುಳ್ಳವನು, ರೋಮವೇ ಇಲ್ಲದವನು, ಅತಿ ಕಪ್ಪಾದವನು, ಅತಿ ಬೆಳ್ಳಗಾದವನು, ಅತಿಸ್ಥೂಲನು, ಅತಿಕೃಶನು ಎಂದು ಆ ಎಂಟು ಮಂದಿ. ಸ್ಥೂಲನ ಹೆಸರಿನೊಡನೆ ನಿಂದೆಯೆಂಬ ಶಬ್ದವು ಅಂದೇ ಅಂಟಿಕೊಂಡಿತ್ತೆಂಬುದನ್ನು ವಾಚಕರು ಗಮನಿಸಬೇಕು. ಆದರೆ ಆಚಾರ್ಯನು ನಿಂದೆಯಲ್ಲಿ ನಿಲ್ಲುವುದಿಲ್ಲ. ಎಂಟು ಮಂದಿಯಲ್ಲಿ ಸ್ಥೂಲಕೃಶರಿಬ್ಬರನ್ನು ಬೇರೆಯಾಗಿ ಎತ್ತಿಕೊಂಡು, ಕಾರಣವನ್ನೂ ಲಕ್ಷಣವನ್ನೂ ಚಿಕಿತ್ಸೆಯನ್ನೂ ಕ್ರಮವಾಗಿ ಹೇಳುವನು. ಅತಿಭೋಜನ, ಗುರುವೂ ಮಧುರವೂ ಸ್ನಿಗ್ಧವೂ ಆದ ಆಹಾರ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ರೆ ಮೊದಲಾದ ಕಾರಣಗಳ ಕಡೆಯಲ್ಲಿ ಬೀಜಸ್ವಭಾವವೆಂಬುದನ್ನೂ ಸೇರಿಸಿರುವನು. ಎಂದರೆ, ಕೆಲವರಿಗೆ ಇದು ಹೆತ್ತವರಿಂದಲೇ ಬರುವುದೆಂದು ಅರ್ಥ. 1986ರಲ್ಲಿ ಡೆನ್ಮಾರ್ಕಿನ 540 ಮಂದಿ ದತ್ತುಮಕ್ಕಳನ್ನು ಕುರಿತು ಪ್ರಕಟವಾದ ಪರಿಶೋಧನೆಯಲ್ಲಿ, ಅವರ ಮೈಕಟ್ಟು ಸಾಕಿದವರದನ್ನು ಹೋಲದೆ ಹೆತ್ತವರದನ್ನೇ ಹೋಲುತ್ತಿದ್ದುದು ಕಂಡುಬಂದಿತು.

ಸ್ಥೂಲನ ಹಸಿವನ್ನು ಕುರಿತು ಆ ಗ್ರಂಥದಲ್ಲಿರುವ ವಿವರಣೆಯು ಇನ್ನೂ ಸ್ವಾರಸ್ಯವಾದುದು. ಮೇದಸ್ಸು ದಾರಿಗಳನ್ನು ಕಟ್ಟುವುದರಿಂದ ವಾಯುವು ಕೋಷ್ಠದಲ್ಲಿಯೇ ಸುಳಿದಾಡಿ ಅಗ್ನಿಯನ್ನು ಉರಿಸುವುದು. ಆದುದರಿಂದ ಉಂಡುದು ಬೇಗನೆ ಜೀರ್ಣವಾಗಿ ಮತ್ತೆ ಆಹಾರವು ಬೇಕೆನ್ನಿಸುವುದು ಎಂದು ಅಲ್ಲಿದೆ. ಇಂದಿನ ಶಾರೀರಶಾಸ್ತ್ರದ ಭಾಷೆ ಬೇರೆ. ಆದರೆ ಸ್ಥೂಲನ ಹಸಿವು ನಟನೆಯಲ್ಲ, ದೇಹದೊಳಗಿನಿಂದ ಹುಟ್ಟುವ ನಿಜವಾದ ಬಾಧೆ ಎಂಬ ತಾತ್ಪರ್ಯವು ಎರಡು ಕಡೆಯಲ್ಲಿಯೂ ಒಂದೇ. ಸ್ಥೌಲ್ಯ, ಕಾರ್ಶ್ಯ ಇವೆರಡರಲ್ಲಿ ಕಾರ್ಶ್ಯವೇ ಮೇಲೆಂದು ಆಚಾರ್ಯನು ಹೇಳುವುದೂ ಸ್ಥೂಲನನ್ನು ಹೀಗಳೆಯುವುದಕ್ಕಲ್ಲ. ಅವನ ಬಾಧೆಯು ಹೆಚ್ಚಿನದೆಂದು ತೋರಿಸುವುದಕ್ಕೆ.

ಅದೇ ಅಧ್ಯಾಯದಲ್ಲಿ ಮನಸ್ಸಿನ ಪ್ರಸ್ತಾಪವೂ ಉಂಟು. ಚಿಂತೆಯಿಲ್ಲದಿರುವುದನ್ನೂ ಸದಾ ಹರ್ಷದಲ್ಲಿರುವುದನ್ನೂ ಸ್ಥೌಲ್ಯದ ಕಾರಣಗಳಲ್ಲಿ ಎಣಿಸಿ, ಜಾಗರಣ ವ್ಯಾಯಾಮಾದಿಗಳೊಡನೆ ಚಿಂತನೆಯನ್ನು ಚಿಕಿತ್ಸೆಯಲ್ಲಿ ಸೇರಿಸಿ, ಇವನ್ನು ಒಮ್ಮೆಗೇ ಅಲ್ಲದೆ ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದು ವಿಧಿಸಿದೆ. ಇದನ್ನೋದಿದ ಕೆಲವರು, ಹಾಗಾದರೆ ದಪ್ಪನಾದವರನ್ನು ಚೆನ್ನಾಗಿ ಚಿಂತೆಗೀಡುಮಾಡಿದರೆ ತಾನೇ ಇಳಿದುಹೋಗುವರೆಂದು ಹಾಸ್ಯಮಾಡುವುದುಂಟು. ಹಾಸ್ಯದೊಳಗೊಂದು ಅಪಾರ್ಥವಿದೆ. ಕನ್ನಡದಲ್ಲಿ ಚಿಂತನೆಯೆಂಬುದು ಒಂದು, ಚಿಂತೆಯೆಂಬುದು ಇನ್ನೊಂದು. ತಾನು ಯಾವಾಗ ಉಣ್ಣುವೆನು, ಏತಕ್ಕೆ ಉಣ್ಣುವೆನು, ಹಸಿವಾಗಿಯೋ ಬೇಸರವಾಗಿಯೋ ಎಂದು ಶಾಂತವಾಗಿ ವಿವೇಚಿಸುವುದು ಚಿಂತನೆ. ತನ್ನನ್ನು ಯಾರು ನೋಡಿ ನಕ್ಕರು, ತಾನು ಯಾತಕ್ಕೂ ಬಾರದವಳಾದೆನಲ್ಲಾ ಎಂದು ಕೊರಗುವುದು ಚಿಂತೆ. ಚಿಂತನೆಯು ಕೈಯನ್ನು ತಟ್ಟೆಯಿಂದ ಹಿಂದಕ್ಕೆ ಸೆಳೆಯುವುದು. ಚಿಂತೆಯು ಅನೇಕರಲ್ಲಿ ಅದೇ ಕೈಯನ್ನು ಡಬ್ಬಿಯ ಕಡೆಗೆ ನೂಕುವುದು. ಹಗಲೆಲ್ಲ ಅರೆಹೊಟ್ಟೆಯಲ್ಲಿದ್ದು, ರಾತ್ರಿ ನಿದ್ರೆಬಾರದೆ ಎದ್ದು ತಿನ್ನುವ ರೋಗಿಗಳ ಸ್ಥಿತಿಯನ್ನು ಅಮೆರಿಕಾ ದೇಶದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1955ರಲ್ಲಿಯೇ ವರ್ಣಿಸಿ, ಮನಃಕ್ಲೇಶದ ಕಾಲದಲ್ಲಿ ಅದು ಉಲ್ಬಣಿಸುವುದನ್ನು ತೋರಿಸಿದನು.

ಈಗ ಕನ್ನಡನಾಡಿನ ಮನೆಗಳನ್ನು ನೋಡೋಣ. ಇಲ್ಲಿ ಪ್ರೀತಿಯನ್ನು ತೋರಿಸುವ ಭಾಷೆಯೇ ಬಡಿಸುವುದು. ಬಂದವರು ಬೇಡವೆಂದರೂ ಇನ್ನೊಂದು ಹೋಳಿಗೆ, ಅದರ ಮೇಲೊಂದು ಮಿಳ್ಳೆ ತುಪ್ಪ. ಹಾಕಿಸಿಕೊಳ್ಳದಿದ್ದರೆ ಮನೆಯೊಡತಿಗೆ ಅಸಮಾಧಾನ; ಹಾಕಿಸಿಕೊಂಡರೆ, ಕೈತೊಳೆಯುವ ಹೊತ್ತಿಗೆ ಅದೇ ಒಡತಿಯಿಂದ ಮೈಯ ಗಾತ್ರವನ್ನು ಕುರಿತು ಒಂದು ವಿನೋದ. ಬಡಿಸುವ ಕೈಯೂ ಹಂಗಿಸುವ ನಾಲಗೆಯೂ ಒಬ್ಬರವೇ ಆಗಿರುವುದರಿಂದ, ಉಂಡವರಿಗೆ ಯಾವುದನ್ನು ನಂಬಬೇಕೆಂದು ತೋರದು. ಹಂಗಿಸುವವರು ದುಷ್ಟರೆಂದು ಹೇಳುವಂತಿಲ್ಲ. ನಾಚಿಕೆ ಹುಟ್ಟಿದರೆ ಬುದ್ಧಿ ಬರುವುದೆಂಬ ನಂಬಿಕೆಯಿಂದ ಆಡುವರು. ಪಾಠಶಾಲೆಗಳಲ್ಲಿ ಬೆತ್ತದಿಂದ ವಿದ್ಯೆ ಬರುವುದೆಂದು ನಂಬಿದ್ದ ಕಾಲವೊಂದಿತ್ತಷ್ಟೆ. ಇದೂ ಅಂಥದೇ ನಂಬಿಕೆ.

ಒಂದು ಜಿಲ್ಲಾ ಪಟ್ಟಣದ ಒಂದು ಮನೆಯ ಸಂಗತಿಯನ್ನು ನಿದರ್ಶನವಾಗಿ ಹೇಳಬಹುದು. ಗೃಹಸ್ಥರು ಕಚೇರಿಯಲ್ಲಿ ಗುಮಾಸ್ತರು, ಅವರ ಪತ್ನಿಗೆ ನಲವತ್ತೆರಡು ವರ್ಷ, ಇಬ್ಬರು ಮಕ್ಕಳು, ಮನೆಯಲ್ಲಿ ವೃದ್ಧೆಯಾದ ಅತ್ತೆ. ಎರಡನೆಯ ಹೆರಿಗೆಯ ಅನಂತರ ಆಕೆಯ ತೂಕವು ಏರುತ್ತ ಹೋಗಿ 82 ಕಿಲೋಗ್ರಾಂ ಮುಟ್ಟಿತ್ತು. ಮಂಡಿನೋವೆಂದು ವೈದ್ಯರಲ್ಲಿಗೆ ಹೋದಾಗ, ರಕ್ತದಲ್ಲಿ ಸಕ್ಕರೆಯು ಎಲ್ಲೆಯ ಹತ್ತಿರ ಬಂದಿದೆಯೆಂದು ತಿಳಿಸಿ, ಒಂದು ಅಚ್ಚಾದ ಪಥ್ಯದ ಹಾಳೆಯನ್ನು ಕೊಟ್ಟು ಕಳುಹಿಸಿದರು. ಹಾಳೆಯು ಅಡಿಗೆಯ ಮನೆಯ ಗೋಡೆಗೆ ಅಂಟಿತು. ಮನೆಮಂದಿಯೆಲ್ಲ ಅದರ ಕಾವಲುಗಾರರಾದರು. ಆಕೆ ಒಂದು ದೋಸೆಯನ್ನು ಹೆಚ್ಚಾಗಿ ಹಾಕಿಕೊಂಡರೆ ಹಿರಿಯ ಮಗನು ಗೋಡೆಯ ಕಡೆಗೆ ಬೆರಳು ತೋರಿಸುವನು. ಯಜಮಾನರು ಪತ್ರಿಕೆಯ ಮರೆಯಿಂದ ಕೆಮ್ಮುವರು. ಮನೆಯ ಉಳಿದವರಿಗೆ ಮಾತ್ರ ಎಂದಿನಂತೆ ಸಂಜೆಗೆ ಬಜ್ಜಿ, ಭಾನುವಾರಕ್ಕೆ ಕೇಸರಿಬಾತು. ಅವನ್ನು ಮಾಡಬೇಕಾದವಳು ಆಕೆಯೇ.

ಒಂದು ಮದುವೆಯ ಮನೆಯಲ್ಲಿ ಯಜಮಾನರ ಚಿಕ್ಕಮ್ಮನವರು ಹತ್ತು ಜನರ ಮುಂದೆ, "ಏನೇ, ಬಾಗಿಲಿಗಿಂತ ನೀನೇ ಅಗಲವಾಗ್ತಿದ್ದೀಯಲ್ಲೇ!" ಎಂದರು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಪಂಕ್ತಿಯಲ್ಲಿ ಅನ್ನ ಸಾರುಗಳಿಂದಲೇ ಊಟ ಮುಗಿಸಿ ಎದ್ದಳು. ಅಂದಿನ ರಾತ್ರಿ ಮನೆಯವರು ಮಲಗಿದ ಮೇಲೆ, ಮದುವೆಯ ಮನೆಯಿಂದ ಬಂದ ಲಾಡುಗಳನ್ನು ಕತ್ತಲಲ್ಲಿಯೇ ನಿಂತು ತಿಂದಳು. ಎಷ್ಟೆಂಬುದು ಆಕೆಗೂ ತಿಳಿಯದು. ರುಚಿ ತಿಳಿಯಿತೋ ಎಂದರೆ ಅದೂ ಇಲ್ಲ. ಇದು ಮೊದಲ ಸಲವೂ ಅಲ್ಲ. ಹಗಲಿನ ಪಥ್ಯವು ಬಿಗಿಯಾದಷ್ಟೂ ರಾತ್ರಿಯ ಈ ಕಳವು ಹೆಚ್ಚುತ್ತಿತ್ತು. ಕಳವು ಹೆಚ್ಚಿದಷ್ಟೂ ಮರುದಿನದ ಪಥ್ಯವು ಪ್ರಾಯಶ್ಚಿತ್ತವೆಂಬಂತೆ ಇನ್ನೂ ಬಿಗಿಯಾಗುತ್ತಿತ್ತು.

ಅತ್ತೆಯವರಿಗೆ ವಯೋಧರ್ಮದಿಂದ ನಿದ್ರೆ ಕಡಮೆ. ಒಂದು ರಾತ್ರಿ ನೀರಿಗೆಂದು ಎದ್ದುಬಂದವರು ಸೊಸೆಯನ್ನು ಕಂಡರು. ದೀಪ ಹಾಕಲಿಲ್ಲ, ಮಗನನ್ನು ಕೂಗಲಿಲ್ಲ. "ಹಸಿವಾಯಿತೇನಮ್ಮಾ?" ಎಂದು ಮಾತ್ರ ಕೇಳಿದರು. "ಇಲ್ಲ ಅತ್ತೆ, ಹಸಿವಲ್ಲ," ಎಂದಳು ಆಕೆ. ಅನಂತರ ಮಾತು ಹೊರಡಲಿಲ್ಲ. ಇಬ್ಬರೂ ಅಡಿಗೆಯ ಮನೆಯ ಹೊಸ್ತಿಲ ಬಳಿ ಕುಳಿತರು. ಸೊಸೆ ಬಹಳ ಹೊತ್ತು ಅತ್ತಳು. ಬೆಳಗಿನ ಜಾವಕ್ಕೆ ಅತ್ತೆಯವರು, "ನನಗೂ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು. ಡಾಕ್ಟರು ನಡೀರಿ ಅಂತ ಹೇಳಿದ್ದಾರೆ, ಒಬ್ಬಳೇ ಹೋಗೋಕೆ ಬೇಜಾರು. ನಾಳೆಯಿಂದ ನೀನು ನನ್ನ ಜೊತೆಗೆ ಬಾ," ಎಂದರು. ಸೊಸೆಗೆ ಸಹಾಯ ಮಾಡುವೆನೆಂದು ಹೇಳದೆ, ತಮಗೆ ಸಹಾಯ ಮಾಡೆಂದು ಕೇಳಿದುದನ್ನು ವಾಚಕರು ಗಮನಿಸದಿರಲಾರರು.

ಮರುದಿನವೇ ಗೋಡೆಯ ಹಾಳೆಯನ್ನು ಅತ್ತೆಯವರು ತೆಗೆದು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಅದರಲ್ಲಿದ್ದುದನ್ನು ಮನೆಗೆಲ್ಲ ಅಡಿಗೆಯಾಗಿ ಮಾಡಿಸಿದರು. ಸೊಪ್ಪಿನ ಹುಳಿ, ಹುರುಳಿಕಟ್ಟಿನ ಸಾರು, ಕೋಸಂಬರಿ, ಸಣ್ಣ ರಾಗಿಮುದ್ದೆ ಇವು ಎಲ್ಲರ ಎಲೆಗೂ ಬಂದವು, ಬಜ್ಜಿಯು ತಿಂಗಳಿಗೊಮ್ಮೆಯಾಯಿತು. ಮಗನು ಗೊಣಗಿದಾಗ, "ನಿನ್ನ ಹೊಟ್ಟೆಯೂ ಪಂಚೆಯ ಮೇಲೆ ಬಂದಿದೆಯಪ್ಪಾ," ಎಂದು ಅವನ ಬಾಯಿ ಮುಚ್ಚಿಸಿದರು. ಬೆಳಗ್ಗೆ ಅತ್ತೆ ಸೊಸೆಯರು ಕೆರೆಯ ಏರಿಯ ಮೇಲೆ ಮೊದಲು ಕಾಲುಗಂಟೆ, ಬರಬರುತ್ತ ಮುಕ್ಕಾಲು ಗಂಟೆ ನಡೆದರು. ತೂಕವನ್ನು ವಾರಕ್ಕೊಮ್ಮೆ ಮಾತ್ರ ನೋಡುವುದು. ನೋಡಿದುದನ್ನು ಇಬ್ಬರಲ್ಲದೆ ಮೂರನೆಯವರಿಗೆ ಹೇಳದಿರುವುದು ಎಂದು ನಿಯಮವಾಯಿತು. ದೀಪಾವಳಿಯ ವಾರದಲ್ಲಿ ಒಂದೂವರೆ ಕಿಲೋ ಏರಿತು. ಸೊಸೆ ಇನ್ನು ಆಗದೆಂದು ಕುಳಿತುಬಿಟ್ಟಳು. ಅತ್ತೆಯವರು, "ಹಬ್ಬ ಬಂತು, ಹೋಯಿತು. ಚಪ್ಪಲಿ ಹಾಕಿಕೊ," ಎಂದರು, ಹೆಚ್ಚು ಮಾತಾಡಲಿಲ್ಲ. ವರ್ಷದ ಕೊನೆಗೆ 82 ಇದ್ದುದು 75 ಆಗಿತ್ತು. ಆಕೆ ತೆಳ್ಳಗಾದಳೆಂದು ಯಾರೂ ಹೇಳಲಾರರು. ಚಿಕ್ಕಮ್ಮನವರು ಕಂಡರೆ ಇನ್ನೂ ನಗಬಹುದು. ಆದರೆ ಮಂಡಿಯ ನೋವು ಇಳಿದಿತ್ತು, ಸಕ್ಕರೆಯು ಎಲ್ಲೆಯಿಂದ ಹಿಂದೆ ಸರಿದಿತ್ತು, ರಾತ್ರಿ ಆಕೆಗೆ ನಿದ್ರೆ ಬರುತ್ತಿತ್ತು.

ಇದು ಒಂದು ಮನೆಯ ಮಾತಾಯಿತು. ದೂರದೇಶಗಳ ಚರಿತ್ರೆಯಲ್ಲಿಯೂ ಇದೇ ಸಂಗತಿಯು ಬೇರೆ ವೇಷದಲ್ಲಿ ಕಾಣುವುದು. ಲಂಡನ್ ನಗರದಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಗೃಹಸ್ಥನಿದ್ದನು. ಪ್ರತಿಷ್ಠಿತರ ಶವಸಂಸ್ಕಾರದ ಏರ್ಪಾಟು ಮಾಡುವುದು ಅವನ ವೃತ್ತಿ. ಅರುವತ್ತಾರನೆಯ ವಯಸ್ಸಿನಲ್ಲಿ, 1862ರಲ್ಲಿ, ಅವನ ತೂಕ 202 ಪೌಂಡು, ಎಂದರೆ ಸುಮಾರು 92 ಕಿಲೋಗ್ರಾಂ. ಬಗ್ಗಿ ಪಾದರಕ್ಷೆಯನ್ನು ಕಟ್ಟಿಕೊಳ್ಳಲಾರನು. ಮಹಡಿಯ ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿಯುವನು. ದೋಣಿಯ ಹುಟ್ಟು ಹಾಕಿ ನೋಡಿದನು. ಹಸಿವು ಹೆಚ್ಚಿತೇ ಹೊರತು ಮೈ ಇಳಿಯಲಿಲ್ಲ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವಿ ಎಂಬ ವೈದ್ಯನಲ್ಲಿಗೆ ಹೋದಾಗ, ಆತನು ರೊಟ್ಟಿ, ಸಕ್ಕರೆ, ಬೀರು, ಆಲೂಗೆಡ್ಡೆ ಮುಂತಾದವನ್ನು ಬಿಡಿಸಿದನು. ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. ಮಾಂಸಮದ್ಯಗಳಿಂದ ಕೂಡಿದ ಅವನ ಆಹಾರಕ್ರಮವು ಇಲ್ಲಿಯ ವಾಚಕರಿಗೆ ಮುಖ್ಯವಲ್ಲ. 1863ರಲ್ಲಿ ಅವನು ತನ್ನ ಕಥೆಯನ್ನು ಬಹಿರಂಗಪತ್ರವಾಗಿ ಅಚ್ಚುಹಾಕಿಸಿ ಉಚಿತವಾಗಿ ಹಂಚಿದನು. ಸಭೆಗಳಲ್ಲಿಯೂ ಬಂಡಿಗಳಲ್ಲಿಯೂ ಜನರ ಅಪಹಾಸ್ಯಕ್ಕೆ ಅಂಜಿ ಸ್ಥೂಲರು ಹೊರಗೆ ಬರುವುದನ್ನೇ ಬಿಡುವರೆಂಬುದನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದನು. ಆ ಪತ್ರಕ್ಕೆ ದೊರೆತ ಆದರವು ಅಷ್ಟಿಷ್ಟಲ್ಲ. ಅವನ ಹೆಸರೇ ಆಂಗ್ಲಭಾಷೆಯಲ್ಲಿ ಪಥ್ಯಮಾಡುವುದಕ್ಕೆ ಕ್ರಿಯಾಪದವಾಯಿತು. ಆಹಾರಕ್ರಮವಲ್ಲದೆ, ಇಂಥ ಕಷ್ಟದಲ್ಲಿ ತಾವೊಬ್ಬರೇ ಇಲ್ಲವೆಂಬ ಸಮಾಧಾನವೂ ಜನರಿಗೆ ಅದರಿಂದ ದೊರೆತಿರಬೇಕು.

ಅದಾಗಿ ಒಂದು ಶತಮಾನದ ಮೇಲೆ, 1961ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ಜೀನ್ ನೈಡೆಚ್ ಎಂಬ ಗೃಹಿಣಿಯು 214 ಪೌಂಡು ತೂಗುತ್ತಿದ್ದಳು. ಅಂಗಡಿಯಲ್ಲಿ ಪರಿಚಯದ ಹೆಂಗಸೊಬ್ಬಳು ಆಕೆಯನ್ನು ಗರ್ಭಿಣಿಯೆಂದು ಭ್ರಮಿಸಿ ಹೆರಿಗೆ ಯಾವಾಗ ಎಂದು ಕೇಳಿದಳಂತೆ. ಆಕೆ ನಗರದ ಆರೋಗ್ಯ ಮಂಡಲಿಯ ಚಿಕಿತ್ಸಾಲಯಕ್ಕೆ ಹೋಗಿ ಪಥ್ಯವನ್ನು ಪಡೆದಳು. ಪಥ್ಯವು ಒಳ್ಳೆಯದೇ ಆಗಿತ್ತು. ಆದರೆ ಮನೆಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ಬಿಸ್ಕತ್ತುಗಳನ್ನು ಬಚ್ಚಿಟ್ಟು ತಿನ್ನುವ ಚಾಳಿಯು ನಿಲ್ಲಲಿಲ್ಲ. ಅದನ್ನು ವೈದ್ಯಶಾಲೆಯವರಿಗೆ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಮೈತುಂಬಿದ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಅವರ ಮುಂದೆ ಒಪ್ಪಿಕೊಂಡಳು. ಅವರೂ ತಮ್ಮ ತಮ್ಮ ಬಚ್ಚಿಟ್ಟ ತಿಂಡಿಯ ಕಥೆಗಳನ್ನು ಹೇಳಿದರು. ವಾರವಾರವೂ ಸೇರುವುದೆಂದಾಯಿತು; ಗುಂಪು ಬೆಳೆಯಿತು. 1962ರ ಅಕ್ಟೋಬರ್ ವೇಳೆಗೆ ಆಕೆಯ ತೂಕ 142 ಪೌಂಡಿಗೆ ಇಳಿದಿತ್ತು. 1963ರಲ್ಲಿ ಆ ಕೂಟವು 'ವೇಯ್ಟ್ ವಾಚರ್ಸ್' ಎಂಬ ವ್ಯಾಪಾರಸಂಸ್ಥೆಯಾಗಿ ಲೋಕಪ್ರಸಿದ್ಧವಾಯಿತು. 2015ರಲ್ಲಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆಕೆ ಸ್ಥೂಲತೆಗೆ ಮರಳಲಿಲ್ಲ. ಚಿಕಿತ್ಸಾಲಯದ ಹಾಳೆಯೂ ಗೆಳತಿಯರ ಕೂಟದ ಹಾಳೆಯೂ ಹೆಚ್ಚುಕಡಮೆ ಒಂದೇ. ಬೇರೆಯಾದುದು, ಸತ್ಯವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ಒಂದು ಎಡೆ.

ಒಬ್ಬರಿಬ್ಬರ ಕಥೆಯಿಂದ ಸಿದ್ಧಾಂತವಾಗದೆಂದು ವಿಚಾರಶೀಲರು ಆಕ್ಷೇಪಿಸಬಹುದು. ನ್ಯಾಯವಾದ ಆಕ್ಷೇಪವೇ. ಅಮೆರಿಕಾದಲ್ಲಿ 1999ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ 166 ಮಂದಿಯನ್ನು ತೆಗೆದುಕೊಂಡು, ಕೆಲವರನ್ನು ಒಂಟಿಯಾಗಿಯೂ ಕೆಲವರನ್ನು ಸ್ನೇಹಿತರೊಡನೆಯೂ ಸೇರಿಸಿದರು. ನಾಲ್ಕು ತಿಂಗಳ ಚಿಕಿತ್ಸೆಯಾದ ಮೇಲೆ ಆರು ತಿಂಗಳು ಬಿಟ್ಟು ನೋಡಿದಾಗ, ಇಳಿದ ತೂಕವನ್ನು ಪೂರ್ತಿಯಾಗಿ ಉಳಿಸಿಕೊಂಡವರು ಒಂಟಿಯಾಗಿ ಬಂದು ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 24. ಸ್ನೇಹಿತರೊಡನೆ ಬಂದು ಪರಸ್ಪರ ಆಸರೆಯ ಶಿಕ್ಷಣವನ್ನೂ ಪಡೆದವರಲ್ಲಿ 66. ಮಧುಮೇಹದ ಅಂಚಿನಲ್ಲಿದ್ದ 3234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಇನ್ನೊಂದು ಮಹಾಪರಿಶೋಧನೆಯಲ್ಲಿ, ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಎಂಬ ಗುಳಿಗೆಯನ್ನು ಕೊಟ್ಟರು. ಇನ್ನೊಂದು ಗುಂಪಿನ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕನನ್ನು ಗೊತ್ತುಮಾಡಿ, ಹದಿನಾರು ಪಾಠಗಳನ್ನು ಎದುರೆದುರಾಗಿ ಹೇಳಿಸಿದರು. ನೂರಕ್ಕೆ 7 ಪಾಲು ತೂಕವನ್ನು ಇಳಿಸುವುದೂ ವಾರಕ್ಕೆ 150 ನಿಮಿಷ ನಡೆಯುವುದೂ ಅವರ ಗುರಿ. ಗುಳಿಗೆಯು ಮಧುಮೇಹವನ್ನು ನೂರಕ್ಕೆ 31ರಷ್ಟು ತಡೆಯಿತು. ಮಾರ್ಗದರ್ಶಕನೊಡನೆ ನಡೆದ ಗುಂಪಿನಲ್ಲಿ 58ರಷ್ಟು ತಡೆಯಿತು. ಅಪಹಾಸ್ಯದ ಫಲವನ್ನೂ ಅಳೆದಿರುವರು. ತೂಕದ ದೆಸೆಯಿಂದ ತಮ್ಮನ್ನು ಹೀನವಾಗಿ ಕಂಡರೆಂದು ಹೇಳಿದವರು, ಹಾಗೆ ಹೇಳದವರಿಗಿಂತ ಮುಂದಿನ ವರ್ಷಗಳಲ್ಲಿ ಸ್ಥೂಲರಾಗುವ ಸಂಭವವು ಸುಮಾರು ಎರಡೂವರೆ ಪಟ್ಟು ಹೆಚ್ಚೆಂದು 2013ರ ಒಂದು ಅಧ್ಯಯನದಲ್ಲಿ ಕಂಡಿತು. ನಾಚಿಕೆಯು ಬೊಜ್ಜನ್ನು ಕರಗಿಸುವುದೆಂಬ ನಂಬಿಕೆಗೆ ಇದು ತಕ್ಕ ಉತ್ತರ.

ಇನ್ನು, ಬಿದ್ದವರನ್ನು ಹಂಗಿಸಬಾರದೆಂಬುದಕ್ಕೆ ಶರೀರಶಾಸ್ತ್ರವೇ ಆಧಾರ ಕೊಡುವುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕಾದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸನು 36 ಮಂದಿ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದ 24 ವಾರ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದನು. ಅವರ ತೂಕವು ಕಾಲುಪಾಲಿನಷ್ಟು ಇಳಿಯಿತು. ಅದರೊಡನೆ ಅವರು ಸಿಡುಕರೂ ಖಿನ್ನರೂ ಆದರು. ಹಗಲಿರುಳೂ ಅನ್ನದ ಧ್ಯಾನದಲ್ಲಿದ್ದು ಪಾಕಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದರು. ಇವರಾರೂ ಮೊದಲು ಜಿಹ್ವಾಚಾಪಲ್ಯದವರಲ್ಲ. ತೂಕ ಇಳಿಸಿದವರ ರಕ್ತದಲ್ಲಿ ಹಸಿವನ್ನು ಎಬ್ಬಿಸುವ ರಸಗಳು ಹೆಚ್ಚಿ, ತೃಪ್ತಿಯನ್ನು ಸೂಚಿಸುವವು ಕುಗ್ಗಿ, ಒಂದು ವರ್ಷವಾದರೂ ಮೊದಲಿನ ಸ್ಥಿತಿಗೆ ಬಾರದಿದ್ದುದನ್ನು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರಿಶೋಧನೆಯು ತೋರಿಸಿತು. ಹೀಗಿರುವಲ್ಲಿ ತೂಕ ಇಳಿಸುವವನು ಹೊಳೆಯ ಸೆಳೆತಕ್ಕೆ ಎದುರಾಗಿ ಈಜುವವನಂತೆ. ದಡದಲ್ಲಿ ನಿಂತು ನಗುವವರಿಗೆ ನೀರಿನ ವೇಗವು ತಿಳಿಯದು.

ಹಾಗಾದರೆ ಆಸರೆಯೆಂದರೇನು? ಹೊಗಳುವುದಲ್ಲ, ಕಂಡುದನ್ನು ಕಾಣದಂತಿರುವುದೂ ಅಲ್ಲ. ಮೊದಲನೆಯದು, ಪಥ್ಯವನ್ನು ಒಬ್ಬರ ತಟ್ಟೆಗೆ ಶಿಕ್ಷೆಯಾಗಿ ಹಾಕದೆ ಮನೆಯ ಅಡಿಗೆಯನ್ನೇ ಬದಲಿಸುವುದು. ಎರಡನೆಯದು, ಕಾವಲಿನ ಬದಲು ಜೊತೆ. ನಡೆಯೆಂದು ಹೇಳುವ ನಾಲ್ವರಿಗಿಂತ ಕೂಡ ನಡೆಯುವ ಒಬ್ಬರು ಮೇಲು. ಮೂರನೆಯದು, ಗುರಿಯು ಸಣ್ಣದಾಗಿರಬೇಕು. 80 ಕಿಲೋ ತೂಗುವವರು ಐದಾರು ಕಿಲೋ ಇಳಿದರೂ ರಕ್ತಕ್ಕೂ ಮಂಡಿಗೂ ಲಾಭವುಂಟು. ನಾಲ್ಕನೆಯದು, ಉಂಡುದನ್ನು, ಉಂಡ ಹೊತ್ತನ್ನು, ಆಗಿನ ಮನಸ್ಸನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಆಚಾರ್ಯನು ಹೇಳಿದ ಚಿಂತನೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ; ಆ ಪುಸ್ತಕವನ್ನು ಬರೆದವರು ತೋರಿಸದ ಹೊರತು ಮನೆಯವರು ತೆರೆಯಬಾರದು. ಐದನೆಯದು, ಎಲ್ಲಕ್ಕಿಂತ ಕಷ್ಟವಾದುದು, ತಪ್ಪಿದ ದಿನದ ಮರುದಿನ ಏನೂ ಆಗಲಿಲ್ಲವೆಂಬಂತೆ ಮತ್ತೆ ಕರೆಯುವುದು.

ಮನೆಯವರ ಪ್ರೀತಿಯೊಂದೇ ಎಲ್ಲರಿಗೂ ಸಾಲದು. ತಡೆಯಲಾರದೆ ಮಿತಿಮೀರಿ ತಿಂದು ಪಶ್ಚಾತ್ತಾಪಪಡುವುದು ಮೇಲಿಂದ ಮೇಲೆ ನಡೆಯುತ್ತಿದ್ದರೆ, ತಿಂದುದನ್ನು ಕಕ್ಕಿಸಿಕೊಳ್ಳುತ್ತಿದ್ದರೆ, ಜೀವನದಲ್ಲಿ ಬೇಸರವು ಹೆಚ್ಚಿದ್ದರೆ, ಅದು ಮನೋವೈದ್ಯರಿಗೆ ಹೇಳತಕ್ಕ ವ್ಯಾಧಿ. ಸರಕಾರದವರು 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ದೊರೆಯುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅದರ ಮುಖ್ಯಕೇಂದ್ರಗಳಲ್ಲೊಂದು. ಹಸಿವನ್ನೇ ಅಡಗಿಸುವ ಹೊಸ ಚುಚ್ಚುಮದ್ದುಗಳೂ 2025ರಿಂದ ಭಾರತದ ಪೇಟೆಯಲ್ಲಿ ದೊರೆಯುತ್ತಿವೆ. ವೈದ್ಯರು ತಕ್ಕವರಿಗೆ ಕೊಟ್ಟರೆ ಅವುಗಳಿಂದ ನಿಜವಾದ ಉಪಕಾರವುಂಟು. ಔಷಧವನ್ನು ಹಿಡಿದವರು ಸುಲಭದ ದಾರಿ ಹಿಡಿದರೆಂದು ಹೀಗಳೆಯುವುದು ಹಳೆಯ ನಿಂದೆಯ ಹೊಸ ರೂಪವಷ್ಟೆ. ಆದರೆ ಅಂಥ ಮದ್ದನ್ನು ನಿಲ್ಲಿಸಿದವರು ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲೆರಡು ಪಾಲನ್ನು ಮರಳಿ ಪಡೆದುದಾಗಿ 2022ರಲ್ಲಿ ಪ್ರಕಟವಾದ ಪರಿಶೋಧನೆಯಿಂದ ತಿಳಿಯುವುದು. ಮದ್ದಿದ್ದರೂ ಇಲ್ಲದಿದ್ದರೂ ಊಟವು ನಡೆಯುವುದು ಮನೆಯಲ್ಲಿಯೇ. ಜೊತೆಯು ಬೇಕಾಗುವುದೂ ಅಲ್ಲಿಯೇ.

ವಿದ್ಯಾವಂತರ ಮನೆಗಳಲ್ಲಿ ಇದನ್ನು ಆರಂಭಿಸುವುದಕ್ಕೆ ವೈದ್ಯರೂ ಬೇಕಿಲ್ಲ, ಹಣವೂ ಬೇಕಿಲ್ಲ. ಮುಂದಿನ ಹಬ್ಬದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವರು ಕೈಯಡ್ಡಮಾಡಿ ಸಾಕೆಂದರೆ, ಬಡಿಸುವವರು ಅದನ್ನು ಸಂಕೋಚದ ಮಾತೆಂದು ತಿಳಿಯದೆ ನಂಬಿ ಮುಂದಕ್ಕೆ ಹೋಗಬೇಕು. ಇನ್ನೊಬ್ಬರು ಎರಡನೆಯ ಹೋಳಿಗೆಯನ್ನು ಕೇಳಿದರೆ, ಅವರ ಮೈಯನ್ನು ನೋಡದೆ ಬಡಿಸಬೇಕು. ಊಟವಾದ ಮೇಲೆ ಜಗುಲಿಯಲ್ಲಿ ಎಲೆಯಡಿಕೆಯೊಡನೆ ಆಡುವುದಕ್ಕೆ ಬೇರೆ ಎಷ್ಟೋ ಮಾತುಗಳುಂಟು.